ಪ್ಯೋ ಟೀಚರ್ ಬರೆದ ಎಂಟು ಸಾಲು

ಟೊಂಗ್ಯಂಗ್ ಬಂದರಿನ ಮೇಲಿನ ಗುಡ್ಡದಲ್ಲಿರುವ ಹೆವೊನ್ ಬಾಲಕಿಯರ ಪ್ರೌಢಶಾಲೆಯಲ್ಲಿ ಪ್ಯೋ ಇಂಜಾ ಇಪ್ಪತ್ತೆಂಟು ವರ್ಷದಿಂದ ಕೊರಿಯನ್ ಭಾಷೆ ಕಲಿಸುತ್ತಿದ್ದಳು. ಖಾಸಗಿ ಶಾಲೆಯಾದ್ದರಿಂದ ವರ್ಗಾವಣೆಯ ಮಾತೇ ಇರಲಿಲ್ಲ. ಅದೇ ಮೇಜು, ಅದೇ ಕಿಟಕಿ, ಕಿಟಕಿಯಾಚೆ ಅದೇ ದೋಣಿಗಳು. ಮೊದಲ ವರ್ಷ ಪಾಠ ಕೇಳಿದ್ದ ಹುಡುಗಿಯರ ಮಕ್ಕಳು ಈಗ ಅವಳ ತರಗತಿಯಲ್ಲಿ ಕೂರುತ್ತಿದ್ದರು. ಇಂಜಾಗೆ ಮದುವೆಯಾಗಿರಲಿಲ್ಲ. ಅಕ್ಕ ಮಾಲ್ಜಾ ಕಿಂಬಾಪ್, ಅಂದರೆ ಅನ್ನದ ಸುರುಳಿ, ಮಾರುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕತಂಗಿಯರಿಬ್ಬರದೇ ಬಿಡಾರ. ಊರಲ್ಲಿ ಪ್ಯೋ ಟೀಚರ್ ಎಂದರೆ ನ್ಯಾಯವಂತೆ ಎಂಬ ಹೆಸರಿತ್ತು. ಆ ಹೆಸರು ಕೇಳಿದರೆ ಅವಳಿಗೂ ಒಳಗೊಳಗೆ ಹಿಗ್ಗು. ಆ ಹಿಗ್ಗನ್ನು ಈಗ ನೆನೆದರೆ ಅವಳಿಗೆ ಮೈ ಮುದುಡಿಕೊಳ್ಳುತ್ತದೆ.

ಸಿಯೋಲ್‌ನ ಆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೆವೊನ್‌ನಿಂದ ಹನ್ನೊಂದು ವರ್ಷ ಒಬ್ಬಳೂ ಆಯ್ಕೆಯಾಗಿರಲಿಲ್ಲ. ಪ್ರಾಂಶುಪಾಲ ಮೆಂಗ್ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೊಮ್ಮಗನ ಮುಖ ನೋಡದೆ ಕಣ್ಣು ಮುಚ್ಚಬೇಕಾಗುತ್ತದಲ್ಲ ಎಂದು ಕೊರಗುವ ಮುದುಕರ ಹಾಗೆ ಅವರು ಪ್ರತಿ ಸಭೆಯಲ್ಲೂ, "ನಾನು ಹೋಗೋದ್ರೊಳಗೆ ಒಬ್ಬಳು, ಒಬ್ಬಳೇ ಒಬ್ಬಳು ಸಾಕು" ಎನ್ನುತ್ತಿದ್ದರು.

ಆ ಒಬ್ಬಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಗಿ ದಾಮಿ. ದೋಣಿ ಎಂಜಿನ್ ರಿಪೇರಿ ಮಾಡುವವನ ಮಗಳು. ತಾಯಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಮೊದಲ ವರ್ಷದ ಮೊದಲ ಪರೀಕ್ಷೆಯಿಂದ ದಾಮಿಯೇ ಶಾಲೆಗೆ ಮೊದಲು. ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿರುತ್ತಿತ್ತು. ಒಳ್ಳೆಯ ಹುಡುಗಿ. ಆದರೆ ಅವಳು ಒಳ್ಳೆಯ ಹುಡುಗಿ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಆ ವಿಶ್ವವಿದ್ಯಾಲಯ ಅಂಕವನ್ನಷ್ಟೇ ನೋಡುತ್ತಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಟೀಚರುಗಳು ಬರೆದದ್ದನ್ನೂ, ಗೆದ್ದ ಬಹುಮಾನಗಳನ್ನೂ ನೋಡುತ್ತಿತ್ತು. ಹಾಗಾಗಿ ಇಂಗ್ಲಿಷ್ ಭಾಷಣದ ಬಹುಮಾನ ದಾಮಿಗೆ, ಗಣಿತದ್ದು ದಾಮಿಗೆ, ಸೇವೆಯದ್ದೂ ದಾಮಿಗೆ. ಬಹುಮಾನ ಕೊಡುವಾಗ ಹುಡುಗಿಯರು ಚಪ್ಪಾಳೆ ತಟ್ಟುವುದನ್ನೇ ಬಿಟ್ಟಿದ್ದರು. ಮೂರನೆಯ ವರ್ಷದ ಮುಖ್ಯಸ್ಥ ಶಿಮ್, ಯಾವಾಗಲೂ ಎರಡು ಮೊಬೈಲು ಹಿಡಿದು ಓಡಾಡುವವನು, ಅವಳ ಚಾನ್ಸ್ ಎಷ್ಟೆಂದು ವಾರಕ್ಕೊಮ್ಮೆ ಲೆಕ್ಕ ಹಾಕುತ್ತಿದ್ದ. ನೂರಕ್ಕೆ ನಲವತ್ತೆಂಟು. ನೂರಕ್ಕೆ ಐವತ್ತೊಂದು. ಊಟದ ಹೊತ್ತಿನಲ್ಲಿ ಮೀನಿನ ಸಾರು ಸುರಿಯುತ್ತಾ ಅದನ್ನು ಹವಾಮಾನದ ಸುದ್ದಿಯಂತೆ ಹೇಳುತ್ತಿದ್ದ.

ದಾಮಿ ಎರಡನೆಯ ವರ್ಷದಲ್ಲಿದ್ದಾಗ, ಶರತ್ಕಾಲದಲ್ಲಿ, ಶಾಲೆಯ ಸಂಶೋಧನಾ ಸ್ಪರ್ಧೆಗೆ ನಲವತ್ತೊಂದು ವರದಿ ಬಂದವು. ಭಾಷೆಯ ವಿಭಾಗಕ್ಕೆ ಇಂಜಾಳೇ ತೀರ್ಪುಗಾರ್ತಿ. ನಲವತ್ತನ್ನು ಅವಳು ಆಕಳಿಸುತ್ತಾ ಓದಿದಳು. ಓಕ್ ಬೊರಾ ಎಂಬ ಹುಡುಗಿಯದನ್ನು ಎದ್ದು ನಿಂತು ಓದಿದಳು.

ಬೊರಾ ತರಗತಿಯಲ್ಲಿ ಕಣ್ಣಿಗೆ ಬೀಳುವವಳಲ್ಲ. ಗಣಿತದಲ್ಲಿ ಹಿಂದೆ, ಇಂಗ್ಲಿಷಿನಲ್ಲಿ ಇನ್ನೂ ಹಿಂದೆ. ಅಜ್ಜಿಯ ಜೊತೆ ಸಮುದ್ರದ ದಂಡೆಯ ಸಾಲುಮನೆಯಲ್ಲಿ ಇದ್ದಳು. ಅಜ್ಜಿ ಸಿಂಪಿಯ ಚಿಪ್ಪು ಒಡೆದು ಮಾಂಸ ಬಿಡಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಹಿಂದಿನ ಸಿಂಪಿ ಹಂಗಾಮಿನ ಏಳು ತಿಂಗಳೂ ಬೊರಾ ಆ ಶೆಡ್ಡಿನಲ್ಲಿ ಹೆಂಗಸರ ನಡುವೆ ಕೂತು, ಅವರ ಬಾಯಿಂದ ಬಿದ್ದ ಮಾತುಗಳನ್ನು ಆಯ್ದು ಬರೆದುಕೊಂಡಿದ್ದಳು. ಒಟ್ಟು ಇನ್ನೂರ ಹದಿನೇಳು. ಚೂರಿಗೆ ಜಗ್ಗದೆ ಬಾಯಿ ಬಿಗಿಹಿಡಿಯುವ ಚಿಪ್ಪಿಗೆ ಆ ಹೆಂಗಸರು 'ಅತ್ತೆ' ಎನ್ನುತ್ತಿದ್ದರು. ನೋಡಲು ದೊಡ್ಡದಾಗಿದ್ದು ಒಳಗೆ ಏನೂ ಇಲ್ಲದ್ದಕ್ಕೆ 'ಮದುವಣಿಗ'. ಚಳಿಗೆ ಬೆರಳು ಮರಗಟ್ಟಿ ತನ್ನದಲ್ಲವೆನ್ನಿಸಿದಾಗ 'ಪಕ್ಕದ ಮನೆಯವಳ ಬೆರಳು' ಎನ್ನುತ್ತಿದ್ದರು. ಪ್ರತಿ ಮಾತಿನ ಮುಂದೆ ಯಾರು ಹೇಳಿದರು, ಹೇಳುವಾಗ ನಕ್ಕರೋ ಬೈದರೋ ಎಂದೂ ಬರೆದಿದ್ದಳು.

ಓದಿ ಮುಗಿಸಿದ ಇಂಜಾ ಅವಳನ್ನು ಕರೆಸಿ, "ಇಂಥದ್ದು ಈ ಶಾಲೇಲಿ ನಾನು ನೋಡೇ ಇರ್ಲಿಲ್ಲ ಕಣಮ್ಮ" ಎಂದಳು. ಬೊರಾ ಕೆಂಪಾಗಿ ತನ್ನ ಬೂಟುಗಳನ್ನೇ ನೋಡಿದಳು. ಆಮೇಲೆ, "ನಮ್ಮಜ್ಜಿಗೆ ಹೇಳ್ಲಾ?" ಎಂದು ಕೇಳಿದಳು. "ಹೇಳು, ಹೇಳು" ಎಂದಳು ಇಂಜಾ.

ಮಾರನೆಯ ದಿನ ಮೆಂಗ್ ಅವರ ಕೋಣೆಗೆ ಕರೆ ಬಂತು. ಒಳಗೆ ಶಿಮ್ ಮೊದಲೇ ಕೂತಿದ್ದ.

"ಪ್ಯೋ ಟೀಚರ್, ತೀರ್ಪು ನೋಡಿದೆ" ಎಂದರು ಮೆಂಗ್. "ಬೊರಾ ಅಂದ್ರೆ ಯಾರು?"

"ಮೂರನೇ ಸೆಕ್ಷನ್ನು. ಅಜ್ಜಿ ಜೊತೆ ಇದ್ದಾಳೆ, ಸರ್."

"ಅವಳ ದರ್ಜೆ?"

"ಐದು" ಎಂದ ಶಿಮ್ ಮೊಬೈಲಿನಿಂದ ತಲೆ ಎತ್ತದೆ. ಒಂದು ಎಂದರೆ ಎಲ್ಲಕ್ಕಿಂತ ಮೇಲು, ಒಂಬತ್ತು ಎಂದರೆ ತಳ. "ಐದನೇ ದರ್ಜೆಯವಳಿಗೆ ಮೊದಲ ಬಹುಮಾನ ಕೊಟ್ರೆ ಸಮುದ್ರಕ್ಕೆ ಉಪ್ಪು ಹಾಕ್ದಂಗೆ ಆಯ್ತು, ಟೀಚರ್. ಅದೇ ದಾಮಿಗೆ ಕೊಡಿ, ಐವತ್ತೊಂದು ಇರೋದು ಅರುವತ್ತಕ್ಕೆ ಹೋಗತ್ತೆ."

"ದಾಮಿ ವರದಿ ಓದಿದೀರಾ ಶಿಮ್? ವಿಶ್ವಕೋಶ ನೋಡಿ ಇಳಿಸಿದಾಳೆ. ಅವಳಿಗೂ ಅದು ಗೊತ್ತು."

"ಓದೋಕೆ ಯಾರಿಗ್ರೀ ಪುರುಸೊತ್ತು?"

ಮೆಂಗ್ ನಕ್ಕರು. ಬಾರ್ಲಿ ಚಹಾವನ್ನು ಇಂಜಾಳ ಕಡೆಗೆ ತಾವೇ ಸರಿಸಿದರು. "ನೋಡಿ, ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾಗ ನಾಲ್ಕು ತಿಂಗಳು ರಜೆ ಕೇಳಿದ್ರಿ. ನಾನು ಯಾಕೆ ಏನು ಅಂತ ಕೇಳಿದ್ನಾ? ಮನೆ ಅಂದ್ಮೇಲೆ ಒಬ್ಬರಿಗೊಬ್ಬರು ಆಗ್ಬೇಕು. ಶಾಲೇನೂ ಮನೇನೇ."

ಹತ್ತು ವರ್ಷದ ಹಿಂದಿನ ಆ ರಜೆಯನ್ನು ಅವರು ಹೀಗೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರೆಂದು ಇಂಜಾಗೆ ಗೊತ್ತಿರಲಿಲ್ಲ. ಗುಟುಕು ಚಹಾ ಕುಡಿದಳು. ತಣ್ಣಗಾಗಿ ಪಾತ್ರೆ ತೊಳೆದ ನೀರಿನ ಹಾಗಿತ್ತು. ಎದ್ದು ಬರಬಹುದಿತ್ತು. ಏಳಲಿಲ್ಲ. ಹೊಸ ತೀರ್ಪಿನ ಹಾಳೆಯನ್ನು ಶಿಮ್ ಮುಂಚೆಯೇ ಟೈಪು ಮಾಡಿ ತಂದಿದ್ದ. ಅವಳು ಸಹಿ ಹಾಕಿದಳು. ಬೊರಾಗೆ 'ಪಾಲ್ಗೊಂಡಿದ್ದಕ್ಕೆ' ಪ್ರಮಾಣಪತ್ರ ಸಿಕ್ಕಿತು.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಸಣ್ಣ ಹೇಡಿತನವೆಂದು ಅವಳು ಮರೆತುಬಿಡುತ್ತಿದ್ದಳೇನೋ. ಫೆಬ್ರವರಿಯಲ್ಲಿ, ವರ್ಷದ ದಾಖಲೆ ಮುಗಿಸುವ ವಾರದಲ್ಲಿ, ಶಿಮ್ ಅವಳ ಮೇಜಿಗೆ ಒರಗಿ ನಿಂತ.

"ಟೀಚರ್, ಬಹುಮಾನ ಇದೆ, ಹುರುಳಿಲ್ಲ. ದಾಮಿ ಏನು ಸಂಶೋಧನೆ ಮಾಡಿದ್ಲು ಅಂತ ಬರೀಬೇಕಲ್ಲ? ಅವಳು ಮಾಡಿದ್ದು ಬರೆದ್ರೆ ಸಿಯೋಲ್‌ನೋರು ನಗ್ತಾರೆ. ಆ ಸಿಂಪಿ ಹೆಂಗಸರದ್ದು ಚೆನ್ನಾಗಿದೆ. ಅದನ್ನೇ ಹಾಕಿ."

"ಅದು ಬೊರಾದು."

"ಗುಂಪಿನ ಕೆಲಸ ಅನ್ನಿ. ದಾಮಿ ಮುಂದಾಳು. ಬೊರಾ ಆ ದಾಖಲೆ ನೋಡಲ್ಲ, ಸಿಯೋಲ್‌ನೋರು ಬೊರಾನ ನೋಡಲ್ಲ. ಯಾರಿಗೆ ನಷ್ಟ ಹೇಳಿ?"

ಇಂಜಾ ಬರೆದಳು. ಎಂಟು ಸಾಲು. 'ಏಳು ತಿಂಗಳ ಕಾಲ ಸಿಂಪಿ ಶೆಡ್ಡಿನ ಹೆಂಗಸರ ಜೊತೆ ಕುಳಿತು...' ಎಂದು ಆರಂಭವಾಗುವ ಎಂಟು ಸಾಲು. ಅವಳನ್ನು ಆಮೇಲೆ ತಿಂದು ಹಾಕಿದ್ದು ಬರೆದಳೆಂಬುದಲ್ಲ, ಚೆನ್ನಾಗಿ ಬರೆದಳೆಂಬುದು. ಐದನೆಯ ಸಾಲಿನಲ್ಲಿ ಒಂದು ಪದ ಕೂರಲಿಲ್ಲ. ಅರ್ಧ ಗಂಟೆ ಪೆನ್ನು ಕಚ್ಚುತ್ತಾ ಕೂತು, ಇನ್ನೊಂದು ಪದ ಹುಡುಕಿ, ಅದು ಸರಿಯಾಗಿ ಕೂತಾಗ ಖುಷಿಪಟ್ಟಳು. ಕಳ್ಳಮಾಲನ್ನು ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸುವವನಿಗೂ ಇಂಥದೇ ಖುಷಿ ಇರಬೇಕು. ಬೊರಾಳ ದಾಖಲೆಯಲ್ಲಿ ಒಂದೇ ಸಾಲು: 'ಸಂಶೋಧನಾ ಸ್ಪರ್ಧೆಯಲ್ಲಿ ಶ್ರದ್ಧೆಯಿಂದ ಪಾಲ್ಗೊಂಡಳು.'

ಆಗಸ್ಟಿನಲ್ಲಿ ಮೂರನೆಯ ವರ್ಷದವರಿಗೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದು ಹೇಳುವ ಕೆಲಸ ಶುರುವಾಯಿತು. ಬೊರಾ ಆ ವರ್ಷ ಇಂಜಾಳ ತರಗತಿಗೇ ಬಂದಿದ್ದಳು. ಫ್ಯಾನಿನ ಕೆಳಗೆ ಕೂತು, ಜಿಂಜು ಊರಿನ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಬೇಕೆಂದಳು. ಅದೂ ಸುಲಭದ್ದಲ್ಲ, ನಾಲ್ಕು ಸೀಟು, ಅಂಕಕ್ಕಿಂತ ದಾಖಲೆಯೇ ಮುಖ್ಯ.

"ಟೀಚರ್, ನನ್ನ ಚಾನ್ಸ್ ಎಷ್ಟು? ಸುಳ್ಳು ಹೇಳ್ಬೇಡಿ."

ಇಂಜಾ ಕಂಪ್ಯೂಟರಿನ ಪರದೆ ನೋಡಿದಳು. "ಹದಿನೈದು ಇಪ್ಪತ್ತು ಅನ್ಕೋ."

"ಆ ವರದಿ ಇದ್ದೂನಾ?"

ಇಂಜಾ ಸ್ಟೇಪ್ಲರನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು. "ಅದನ್ನೆಲ್ಲ ಅವರು ಅಷ್ಟಾಗಿ ನೋಡಲ್ಲ ಕಣಮ್ಮ."

"ಓ" ಎಂದಳು ಬೊರಾ. "ನಾನು ಅದನ್ನೇ ನೋಡ್ತಾರೇನೋ ಅನ್ಕೊಂಡಿದ್ದೆ." ಎದ್ದು ಬಗ್ಗಿ ನಮಸ್ಕರಿಸಿ, ಕುರ್ಚಿಯನ್ನು ಒಳಗೆ ತಳ್ಳಿ ಹೋದಳು.

ಅದೇ ವಾರ ದಾಮಿ ಬಂದಳು. ಅರ್ಜಿ ತುಂಬಲು ತನ್ನ ದಾಖಲೆಯನ್ನು ಮೊದಲ ಸಲ ಪೂರ್ತಿ ಓದಿದ್ದಳು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದು, ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಟೀಚರ್, ಇದು ನನ್ನದಲ್ಲ."

"ಗೊತ್ತು."

"ಬೊರಾದು. ನಾನು ಆ ಶೆಡ್ಡಿಗೆ ಹೋಗೇ ಇಲ್ಲ. ನಂಗೆ ಸಿಂಪಿ ವಾಸನೆ ಆಗಲ್ಲ."

"ದಾಮಿ, ಈಗ ಅದನ್ನ ತೆಗೆಯೋಕೆ ಬರಲ್ಲ. ಫೆಬ್ರವರೀಲೇ ಮುಚ್ಚಿದಾರೆ. ಸುಮ್ನೆ ಓದ್ಕೋ. ಸಂದರ್ಶನದಲ್ಲಿ ಕೇಳಿದ್ರೆ ಹೇಳ್ಬೇಕಾಗತ್ತೆ."

ಹುಡುಗಿ ಅವಳನ್ನು ನೋಡಿದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ದಾಮಿಯ ಮುಖದಲ್ಲಿ ಏನೋ ಕಾಣಿಸಿತು: ಕೊಳೆತ ಮೀನನ್ನು ನೋಡಿದವರ ಮುಖದಲ್ಲಿ ಮೂಗಿನ ಪಕ್ಕ ಬೀಳುವ ಗೆರೆ. "ಬೇರೆ ಯಾರೇ ಹೀಗೆ ಮಾಡಿದ್ರೂ ನಂಗೆ ಇಷ್ಟು ಅನ್ನಿಸ್ತಿರ್ಲಿಲ್ಲ" ಎಂದು ಹಾಳೆ ಎತ್ತಿಕೊಂಡು ಹೊರಟಳು.

ಸಂಜೆ ಇಂಜಾ ಅಂಗಡಿಗೆ ಹೋಗಿ, ಅಕ್ಕನ ಪಕ್ಕದಲ್ಲಿ ಕೂತು ಮೂಲಂಗಿ ಹೆಚ್ಚುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಮಾಲ್ಜಾ ಅನ್ನವನ್ನು ಕಡಲಪಾಚಿಯ ಹಾಳೆಯಲ್ಲಿ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಅಂದ್ರೆ ಕದ್ದೆ ಅನ್ನು."

"ನಾನಲ್ಲಕ್ಕ. ಅವರು ಹೇಳಿದ್ರು..."

"ಅವರು ಹೇಳಿದ್ರು, ನೀನು ಕದ್ದೆ. ಓದಿದೋರ ಕಳ್ಳತನ ಹೀಗೇ ಏನೇ? ಬೆರಳಿಗೆ ಶಾಯಿ ಅಷ್ಟೇ, ಕೊಳೆ ಇಲ್ಲ. ಆ ಬೊರಾ ಅಜ್ಜಿ ಹೋದ ಗುರುವಾರ ಇಲ್ಲಿಗೇ ಬಂದಿದ್ಲು. 'ನಿನ್ನ ತಂಗಿ ನಮ್ಮ ಬೊರಾನ ಹೊಗಳಿದ್ಲಂತೆ' ಅಂತ ಇಷ್ಟಗಲ ಬಾಯಿ ಮಾಡ್ಕೊಂಡು ಹೇಳಿದ್ಲು. ನಾನೂ ಬೀಗ್ಕೊಂಡು ಎರಡು ಸುರುಳಿ ಹೆಚ್ಚಿಗೆ ಕಟ್ಕೊಟ್ಟೆ. ಥೂ!"

"ಈಗ ಏನ್ ಮಾಡ್ಲಿ ಹೇಳು."

"ನನ್ನನ್ನ ಕೇಳ್ಬೇಡ. ನಂಗೆ ಅನ್ನ ಸುತ್ತೋದು ಬಿಟ್ರೆ ಬೇರೇನೂ ಬರಲ್ಲ. ಮೂಲಂಗಿ ದಪ್ಪ ಆಯ್ತು, ಸಣ್ಣಗೆ ಹೆಚ್ಚು."

ಏನೂ ಮಾಡಲಿಲ್ಲ. ಬೊರಾ ಆರು ಕಡೆ ಅರ್ಜಿ ಹಾಕಿದಳು. ಅಕ್ಟೋಬರ್ ಕೊನೆಯಿಂದ ಒಂದೊಂದಾಗಿ ಉತ್ತರ ಬರತೊಡಗಿತು. ಎಲ್ಲವೂ ಮೊದಲ ಸುತ್ತಿನಲ್ಲೇ ಇಲ್ಲ ಎಂದವು. ಜಿಂಜುದು ಕೊನೆಗೆ ಬಂತು, ಅದೂ ಇಲ್ಲ. ದಾಮಿ ಮಾತ್ರ ಸಿಯೋಲ್‌ನ ಮೊದಲ ಸುತ್ತು ದಾಟಿದಳು. ಶಿಮ್ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ಎಪ್ಪತ್ತೆರಡು!" ಎಂದು ಕೂಗಿದ. ಮೆಂಗ್ ಎಲ್ಲರಿಗೂ ಅಕ್ಕಿಕಡುಬು ತರಿಸಿದರು. ಇಂಜಾ ಒಂದನ್ನು ಬಾಯಿಗಿಟ್ಟಳು. ಕೈವಸ್ತ್ರದಲ್ಲಿ ಉಗಿದು ಸುತ್ತಿಟ್ಟಳು.

ನವೆಂಬರ್ ಕೊನೆಯಲ್ಲಿ ಸಂದರ್ಶನ. ಅದಕ್ಕೆ ಮೊದಲು ಶಾಲೆಯಲ್ಲೇ ಅಭ್ಯಾಸ. ಮೆಂಗ್ ಮತ್ತು ಶಿಮ್ ಪ್ರೊಫೆಸರುಗಳ ಹಾಗೆ ಗಂಭೀರವಾಗಿ ಮೇಜಿನ ಹಿಂದೆ ಕೂತು ಪ್ರಶ್ನೆ ಕೇಳುತ್ತಿದ್ದರು. ಗಣಿತಕ್ಕೆ ದಾಮಿ ಸಲೀಸಾಗಿ ಉತ್ತರಿಸಿದಳು. ಸಿಂಪಿ ಹೆಂಗಸರ ಮಾತು ಬಂದಾಗ ಬಾಯಿ ಕಟ್ಟಿತು.

"ಯಾವ ಮಾತು ನಿಮಗೆ ತುಂಬ ಇಷ್ಟ ಆಯ್ತು?" ಎಂದು ಶಿಮ್ ಕೇಳಿದ.

"ಗೊತ್ತಿಲ್ಲ, ಸರ್."

"ಗೊತ್ತಿಲ್ಲ ಅಂದ್ರೆ? ಏಳು ತಿಂಗಳು ಕೂತಿದ್ದೆ ತಾನೆ ಅಲ್ಲಿ!"

ಮೆಂಗ್ ಕನ್ನಡಕ ತೆಗೆದು ಒರೆಸಿಕೊಂಡರು. "ಶಿಮ್, ರೇಗಬೇಡಿ. ಮಗುಗೆ ಗೊತ್ತಿಲ್ದೇ ಇದ್ರೆ ಗೊತ್ತಿರೋರು ಹೇಳ್ಕೊಡಲಿ. ಆ ಇನ್ನೊಂದು ಹುಡುಗಿ ಖಾಲಿನೇ ಇದಾಳಲ್ಲ ಈಗ? ಎಲ್ಲ ಕಡೆನೂ ಹೋಯ್ತಂತಲ್ಲ. ಪ್ಯೋ ಟೀಚರ್, ಕರ್ಕೊಂಡು ಬನ್ನಿ."

"ಸರ್, ಅದು..."

"ಒಂದು ಗಂಟೆ ಸಾಕು."

ಇಂಜಾ ಹೋಗಿ ಕರೆದಳು. ಇದನ್ನು ಅವಳು ಎಂದೂ ತನಗೆ ತಾನೇ ಸಣ್ಣದು ಮಾಡಿ ಹೇಳಿಕೊಳ್ಳಲಿಲ್ಲ: ತನ್ನ ಕಾಲಲ್ಲೇ ಕಾರಿಡಾರು ದಾಟಿ, ತನ್ನ ಬಾಯಿಂದಲೇ ಕರೆದಳು. "ಬೊರಾ, ನಿನ್ನ ವರದಿ ಬಗ್ಗೆ ದಾಮಿಗೆ ಸ್ವಲ್ಪ ಹೇಳ್ಕೊಡ್ಬೇಕಂತೆ." ಬೊರಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳ ಮುಖ ಬಿಳಿಚಿಕೊಳ್ಳುವುದನ್ನು ಇಂಜಾ ನಿಂತು ನೋಡಿದಳು. ಬೊರಾ ಎದ್ದು ಹಿಂದೆ ಬಂದಳು.

ಇಬ್ಬರು ಹುಡುಗಿಯರನ್ನು ಎದುರುಬದುರಾಗಿ ಕೂರಿಸಿದರು. ಬೊರಾ ತಲೆ ತಗ್ಗಿಸಿ ಹೇಳತೊಡಗಿದಳು. ಶೆಡ್ಡಿನಲ್ಲಿ ಎಷ್ಟು ಜನ ಕೂರುತ್ತಾರೆ, ಒಲೆ ಎಲ್ಲಿರುತ್ತದೆ, ಯಾರು ಹಾಡುತ್ತಾರೆ, ಯಾರು ಬೈಯುತ್ತಾರೆ. ಕೆಟ್ಟದಾಗಿ ಹೇಳಿಕೊಟ್ಟಿದ್ದರೆ ಅವಳನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಹೆಂಗಸರ ಮಾತನ್ನು ಕೆಟ್ಟದಾಗಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ದಾಮಿ 'ಅತ್ತೆ' ಎನ್ನುವುದನ್ನು ಪಾಠ ಒಪ್ಪಿಸುವಂತೆ ಹೇಳಿದಾಗ, ಬೊರಾ ತಲೆ ಎತ್ತಿ, "ಹಾಗಲ್ಲ. ಚೂರಿ ಜಾರಿದಾಗ ಹೇಳೋದು ಅದು. ಹಲ್ಲು ಕಚ್ಚಿ ಹೇಳ್ಬೇಕು. ಚೂರಿ ಬೆರಳಿಗೆ ತಾಗಿರತ್ತಲ್ಲ" ಎಂದು ತಿದ್ದಿದಳು. ದಾಮಿ ಹಲ್ಲು ಕಚ್ಚಿ ಹೇಳಿದಳು.

"ಭೇಷ್!" ಎಂದು ಮೆಂಗ್ ಮೇಜು ಕುಟ್ಟಿ ನಕ್ಕರು. "ಈಗ ಶೆಡ್ಡಿನ ವಾಸನೇನೇ ಬಂತು!" ಶಿಮ್ ಕೂಡ ನಕ್ಕು, ಬೊರಾಳ ಬೆನ್ನು ತಟ್ಟಿ, "ಶಾಲೆ ನಿನ್ನನ್ನ ಮರೆಯಲ್ಲ" ಎಂದ.

ಇಂಜಾ ಹೊರಗೆ ಹೋದಳು. ಕಕ್ಕಸಿನ ಬಾಗಿಲು ಹಾಕಿಕೊಂಡು ಬಗ್ಗಿದಳು. ಮಧ್ಯಾಹ್ನ ಉಂಡದ್ದೆಲ್ಲ ಬಂತು. ಆಮೇಲೆ ಬರೀ ಹಳದಿ ನೀರು. ಬಾಯಿ ತೊಳೆದು ಕನ್ನಡಿ ನೋಡಿದಾಗ ಅಲ್ಲಿ ಕಂಡದ್ದು ಮೆಂಗ್ ಮುಖಕ್ಕಿಂತ ಒಂದಿಷ್ಟೂ ಬೇರೆಯಾಗಿರಲಿಲ್ಲ. ಅವರದ್ದಾದರೂ ನಗುತ್ತಿತ್ತು. ಇವಳದ್ದು ವಾಂತಿ ಮಾಡಿ, ಮುಖ ಒರೆಸಿಕೊಂಡು, ವಾಪಸ್ ಒಳಗೆ ಹೋಗುವ ಮುಖ. ಹೋಗಿ ಕೂತಳು ಕೂಡ.

ಸಿಯೋಲ್‌ಗೆ ದಾಮಿಯ ಜೊತೆ ಅವಳ ಅಮ್ಮ ಮತ್ತು ಇಂಜಾ ಹೋದರು. ದಾರಿಯುದ್ದಕ್ಕೂ ದಾಮಿಯ ಅಮ್ಮ ಚೀಲದಿಂದ ಒಂದೊಂದೇ ತೆಗೆಯುತ್ತಿದ್ದಳು: ಮೊಟ್ಟೆ, ಕಿತ್ತಳೆ, ಮಗಳೂ ವಿಶ್ವವಿದ್ಯಾಲಯದ ಸೀಟಿಗೆ ಹೀಗೇ ಅಂಟಿಕೊಳ್ಳಲಿ ಎಂಬ ಶಕುನಕ್ಕೆ ತಂದ ಜೋನಿಬೆಲ್ಲದಂಥ ಅಂಟುಮಿಠಾಯಿ. "ಟೀಚರ್, ನಿಮ್ಮ ಋಣ ಹೇಗೆ ತೀರಿಸ್ಲಿ? ನೀವು ಬರೆದ ಎಂಟು ಸಾಲಿಂದಲೇ ಮೊದಲ ಸುತ್ತು ದಾಟಿದ್ದು ಅಂತ ಶಿಮ್ ಸರ್ ಹೇಳಿದ್ರು." ಕಿಟಕಿಗೆ ಹಣೆ ಒತ್ತಿ ಕೂತಿದ್ದ ದಾಮಿ ಕಣ್ಣು ಮುಚ್ಚಿಕೊಂಡಳು.

ಸಂದರ್ಶನದ ಕಟ್ಟಡದ ಹೊರಗೆ ತಾಯಂದಿರ ಸಾಲು. ಕೆಲವರು ಜಪಮಾಲೆ ಹಿಡಿದಿದ್ದರು, ಕೆಲವರು ಕಟ್ಟಡದ ಕಡೆಗೆ ಅಡ್ಡಬೀಳುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ದಾಮಿ ಹೊರಬಂದಳು. ಅಂಥ ಚಳಿಯಲ್ಲಿ ಕೋಟನ್ನು ಕೈಯಲ್ಲಿ ಹಿಡಿದಿದ್ದಳು.

"ಹೇಗಾಯ್ತು? ಏನ್ ಕೇಳಿದ್ರು? ಸಿಂಪಿದು ಕೇಳಿದ್ರಾ?" ಎಂದು ಅಮ್ಮ ಓಡಿದಳು.

"ಕೇಳಿದ್ರಮ್ಮ. ಯಾವ ಮಾತು ಇಷ್ಟ ಅಂದ್ರು. 'ಪಕ್ಕದ ಮನೆಯವಳ ಬೆರಳು' ಅಂದೆ. ಯಾಕೆ ಅಂದ್ರು." ದಾಮಿ ಒಮ್ಮೆ ಉಸಿರೆಳೆದುಕೊಂಡಳು. "ಇದನ್ನೆಲ್ಲ ಹುಡುಕಿದ್ದು ನಾನಲ್ಲ, ನಮ್ಮ ಶಾಲೆಯ ಓಕ್ ಬೊರಾ ಅಂದೆ. ಹೋದ ವಾರ ಅವಳನ್ನ ಕೂರಿಸಿ ನಂಗೆ ಬಾಯಿಪಾಠ ಮಾಡ್ಸಿದ್ರು ಅಂದೆ."

ಅಮ್ಮನ ಕೈಯಿಂದ ಬಿಸಿನೀರಿನ ಫ್ಲಾಸ್ಕು ಜಾರಿತು. "ಏನಂದೆ?"

"ಅಲ್ಲಿದ್ದ ಹೆಂಗಸು ಪ್ರೊಫೆಸರು ಪೆನ್ನು ಕೆಳಗಿಟ್ರು. ಇನ್ನೇನೂ ಕೇಳ್ಲಿಲ್ಲ."

"ಹುಚ್ಚಿ! ಹನ್ನೆರಡು ವರ್ಷ ಕಣೇ! ನಿನ್ನಪ್ಪನ ಬೆನ್ನು ನೋಡಿದೀಯಾ?" ತಾಯಿ ಮಗಳ ಭುಜ ಹಿಡಿದು ಅಲುಗಿಸಿದಳು, ಆಮೇಲೆ ಪಾದಚಾರಿ ದಾರಿಯ ಅಂಚಿನಲ್ಲಿ ಕೂತುಬಿಟ್ಟಳು. ಕೂತಲ್ಲಿಂದಲೇ ಇಂಜಾಳ ಕಡೆ ತಿರುಗಿ, "ನಮ್ಮ ಮಗು ನಿಮ್ಮನ್ನ ಕೇಳಿತ್ತಾ ಬರೀರಿ ಅಂತ? ಅವಳದ್ದು ಅವಳು ಬರೆದಿದ್ರೆ ಸಾಲ್ತಿತ್ತಲ್ಲ! ಅವಳು ಅಷ್ಟೊಂದು ದಡ್ಡಿ ಏನ್ರೀ, ನಿಮಗೆ?" ಎಂದಳು. ಎಪ್ಪತ್ತೆರಡರ ಲೆಕ್ಕ ಹಾಕಿದವರು ಯಾರೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಹತ್ತು ದಿನಕ್ಕೆ ಫಲಿತಾಂಶ ಬಂತು, ದಾಮಿಯ ಹೆಸರಿರಲಿಲ್ಲ. ಅದರ ಬೆನ್ನಿಗೇ ವಿವರಣೆ ಕೇಳಿ ವಿಶ್ವವಿದ್ಯಾಲಯದ ಪತ್ರ, ಆಮೇಲೆ ಪ್ರಾಂತ್ಯದ ಶಿಕ್ಷಣ ಕಚೇರಿಯಿಂದ ಇಬ್ಬರು ಅಧಿಕಾರಿಗಳು. ಅವರು ಬರುವ ಹಿಂದಿನ ದಿನ ಮೆಂಗ್ ಇಂಜಾಳನ್ನು ಕರೆದು ಒಂದು ಹಾಳೆ ಮುಂದಿಟ್ಟರು. 'ಇಬ್ಬರು ವಿದ್ಯಾರ್ಥಿನಿಯರ ಟಿಪ್ಪಣಿಗಳು ನನ್ನ ಕೈತಪ್ಪಿನಿಂದ ಅದಲುಬದಲಾದವು' ಎಂದಿತ್ತು.

"ಸಹಿ ಹಾಕಿ ಟೀಚರ್. ಎಚ್ಚರಿಕೆ ಕೊಟ್ಟು ಬಿಡ್ತಾರೆ, ಅಷ್ಟೇ. ಫೆಬ್ರವರೀಲಿ ನಾನು ಹೋಗ್ತೀನಿ. ಹೋಗೋ ಮನುಷ್ಯನ ಮುಖಕ್ಕೆ ಮಸಿ ಬಳೀಬೇಡಿ."

"ಸರ್, ಆ ದಿನ ನೀವು ನಕ್ಕಿದ್ದು ನೆನಪಿದೆಯಾ?"

"ಯಾವ ದಿನ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಇಂಜಾ ಎದ್ದಳು. ಹಾಳೆಯನ್ನು ಅಲ್ಲೇ ಬಿಟ್ಟು ಬಂದಳು. ಮಾರನೆಯ ದಿನ ಅಧಿಕಾರಿಗಳ ಮುಂದೆ ಕೂತು, ಸ್ಪರ್ಧೆಯ ತೀರ್ಪಿನಿಂದ ಹಿಡಿದು ಅಭ್ಯಾಸದ ದಿನದವರೆಗೆ, ಯಾರು ಏನೆಂದರು, ತಾನು ಎಲ್ಲೆಲ್ಲಿ ಸಹಿ ಹಾಕಿದೆ, ಯಾರನ್ನು ಹೋಗಿ ಕರೆತಂದೆ, ಎಲ್ಲವನ್ನೂ ಏಳು ಪುಟ ಬರೆದುಕೊಟ್ಟಳು. ಈ ಸಲ ಯಾವ ಪದವನ್ನೂ ತಿದ್ದಲಿಲ್ಲ.

ಫಲ ಏನಾಯಿತೆಂದರೆ: ಬರೆದ ಕೈ ಇಂಜಾಳದ್ದಾದ್ದರಿಂದ ಅವಳಿಗೆ ಮೂರು ತಿಂಗಳ ಅಮಾನತು. ಶಿಮ್‌ಗೆ ಲಿಖಿತ ಎಚ್ಚರಿಕೆ. ಮೆಂಗ್ ಅವರಿಗೆ 'ಮೇಲ್ವಿಚಾರಣೆಯಲ್ಲಿ ಗಮನ ಸಾಲದು' ಎಂಬ ಒಂದು ಮಾತು. ಫೆಬ್ರವರಿಯಲ್ಲಿ ಅವರು ಸಭಾಂಗಣದ ತುಂಬ ಹೂಗುಚ್ಛಗಳ ನಡುವೆ ನಿವೃತ್ತರಾದರು. ಮಾರ್ಚಿನಲ್ಲಿ ಅದೇ ಶಾಲೆಯ ಆಡಳಿತ ಮಂಡಳಿಯ ಸದಸ್ಯರಾದರು. ಸ್ಟಾಫ್ ರೂಮಿನಲ್ಲಿ ಇಂಜಾಳ ಮೇಜಿನ ಪಕ್ಕದವರು ತಮ್ಮ ಮೇಜನ್ನು ಒಂದು ಗೇಣು ಆಚೆ ಎಳೆದುಕೊಂಡರು. 'ತಾನೂ ಮುಳುಗಿ ನಮ್ಮನ್ನೂ ಮುಳುಗಿಸಿದವಳು' ಎಂದು ಅವರು ಮಾತಾಡಿಕೊಂಡದ್ದು ಅವಳ ಕಿವಿಗೂ ಬಿತ್ತು. ದಾಮಿ ಪರೀಕ್ಷೆಯ ಅಂಕದ ಮೇಲೆ ಬೂಸಾನ್‌ನ ವಿಶ್ವವಿದ್ಯಾಲಯ ಸೇರಿದಳು. ಹೋಗುವಾಗ ಯಾರಿಗೂ ಹೇಳಿ ಹೋಗಲಿಲ್ಲ.

ಬೊರಾಳ ದಾಖಲೆ ತಿದ್ದುಪಡಿಯಾಗಿ ಬಂತು, ಮುದ್ರೆ ಸಮೇತ. ಆ ವರ್ಷದ ಅರ್ಜಿಗಳೆಲ್ಲ ಮುಗಿದು ಎರಡು ತಿಂಗಳಾಗಿತ್ತು.

ಅಮಾನತಿನ ದಿನಗಳಲ್ಲಿ ಒಂದು ಬೆಳಿಗ್ಗೆ ಆ ಹಾಳೆ ಹಿಡಿದು ಇಂಜಾ ಸಿಂಪಿ ಶೆಡ್ಡಿಗೆ ಹೋದಳು. ಬೊರಾ ರಬ್ಬರ್ ಏಪ್ರನ್ ತೊಟ್ಟು, ಅಜ್ಜಿಯ ಪಕ್ಕದಲ್ಲಿ ನಿಂತು ಚಿಪ್ಪು ಬಿಡಿಸುತ್ತಿದ್ದಳು. ಮಾತಾಡುತ್ತಿದ್ದ ಇಪ್ಪತ್ತು ಹೆಂಗಸರು ಒಟ್ಟಿಗೇ ಬಾಯಿ ಮುಚ್ಚಿದರು. ಚೂರಿಗಳ ಸದ್ದಷ್ಟೇ ಉಳಿಯಿತು.

"ಇದನ್ನ ಕೊಡೋಣ ಅಂತ ಬಂದೆ. ಮುಂದಿನ ವರ್ಷ ಅರ್ಜಿ ಹಾಕೋಕೆ ಬರತ್ತೆ. ಈ ಸಲ ಚಾನ್ಸ್..."

"ನಂಬರ್ ಹೇಳ್ಬೇಡಿ ಟೀಚರ್" ಎಂದಳು ಬೊರಾ.

ಇಂಜಾಳ ಕಣ್ಣು ತುಂಬಿತು. "ಬೊರಾ, ನಾನು ನಿನಗೆ ಮಾಡಿದ್ದು..."

"ಅಳ್ಬೇಡಿ. ನೀವು ಅಳೋದನ್ನ ನೋಡೋಕೆ ನಂಗೆ ಅಸಹ್ಯ ಆಗತ್ತೆ. ಅತ್ರೆ ನಾನು ಸಮಾಧಾನ ಮಾಡ್ಬೇಕಾಗತ್ತೆ. ನಾನು ಮಾಡಲ್ಲ." ಕೈಗವಸು ಕಳಚಿ, ಒದ್ದೆ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡಳು. "ಇದು ನಂದು. ಅದಕ್ಕೆ ಇಟ್ಕೋತೀನಿ. ದಾಮಿ ಎರಡು ಸಲ ಬಂದಿದ್ಲು ಇಲ್ಲಿಗೆ. ವಾಸನೆ ತಡ್ಕೊಂಡು ಕೂತಿದ್ಲು. ನೀವು ಹೋಗಿ, ಟೀಚರ್."

ಅಜ್ಜಿ ತಲೆ ಎತ್ತಲೇ ಇಲ್ಲ.

ಇಂಜಾ ಮೇ ತಿಂಗಳಲ್ಲಿ ಕೆಲಸಕ್ಕೆ ಮರಳಿದಳು. ಮೂರನೆಯ ವರ್ಷದವರ ದಾಖಲೆ ಬರೆಯುವ ಕೆಲಸವನ್ನು ಅವಳಿಂದ ಕಿತ್ತುಕೊಂಡಿದ್ದರು, ಅದು ಶಿಕ್ಷೆ ಎಂದುಕೊಂಡು. ಹೊಸ ಪ್ರಾಂಶುಪಾಲರು ಆ ವರ್ಷದ 'ಒಬ್ಬಳನ್ನು' ಆರಿಸಿ ಆಗಿತ್ತು. ಊಟದ ಮೇಜಿನಲ್ಲಿ ಶಿಮ್ ಅವಳ ಲೆಕ್ಕ ಹೇಳುವುದು ಕೇಳಿಸುತ್ತಿತ್ತು. ಜೂನಿನಲ್ಲಿ ಇಂಜಾ ಇದರ ಬಗ್ಗೆ ಎರಡು ಸಲ ಶಿಕ್ಷಣ ಕಚೇರಿಗೆ ದೂರು ಬರೆದಳು. ಪರಿಶೀಲಿಸುತ್ತೇವೆ ಎಂದು ಎರಡು ಸಲವೂ ಉತ್ತರ ಬಂತು. ವರ್ಷದ ಕೊನೆಗೆ ರಾಜೀನಾಮೆ ಕೊಟ್ಟಳು.

ಈಗ ಅವಳು ಅಕ್ಕನ ಅಂಗಡಿಯಲ್ಲಿ ಮೂಲಂಗಿ ಹೆಚ್ಚುತ್ತಾಳೆ. ಬೊರಾ ಆ ಮುಂದಿನ ವರ್ಷ ಜಿಂಜುಗೆ ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಆ ಸುದ್ದಿಯನ್ನು ಇಂಜಾಗೆ ಹೇಳಿದ್ದು ಕಿಂಬಾಪ್ ಕೊಳ್ಳಲು ಬಂದಿದ್ದ ಯಾರೋ. ಪ್ರೌಢಶಾಲೆಯ ಹುಡುಗಿಯರ ತಾಯಂದಿರು ಕೆಲವರು ಇನ್ನೂ ಅಂಗಡಿಗೆ ಬರುತ್ತಾರೆ. ಕಿಂಬಾಪ್ ಕಟ್ಟಿಸಿಕೊಂಡು, ದನಿ ತಗ್ಗಿಸಿ, "ಟೀಚರ್, ನಮ್ಮ ಹುಡುಗಿಗೆ ಸಿಯೋಲ್ ಚಾನ್ಸ್ ಎಷ್ಟಿರಬಹುದು? ನಿಮಗೆ ಒಳಗಿನದೆಲ್ಲ ಗೊತ್ತಲ್ಲ" ಎಂದು ಕೇಳುತ್ತಾರೆ. ಇಂಜಾ ಮೂಲಂಗಿಯನ್ನು ಇನ್ನೂ ಸಣ್ಣಗೆ ಹೆಚ್ಚುತ್ತಾಳೆ. ಉತ್ತರ ಮಾಲ್ಜಾ ಕೊಡುತ್ತಾಳೆ:

"ಇಲ್ಲಿ ಅನ್ನ ಮಾರ್ತೀವಮ್ಮ. ಬೇಕಾದ್ರೆ ತಗೊಳ್ಳಿ, ಇಲ್ದಿದ್ರೆ ದಾರಿ ಬಿಡಿ, ಹಿಂದೆ ಜನ ಇದಾರೆ."